ಕಲ್ಲು ಎಸೆದವರು ಯಾರು?

ಆತ್ಮೀಯರೆ,

ಕೊರಿಯಾದ ಇಂಚಿಯೋನ್ ಬಂದರಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. 1883ರಲ್ಲಿ ಬಂದರು ತೆರೆದಾಗಿನಿಂದ 1930ರ ದಶಕದವರೆಗೆ ಅಲ್ಲಿ ನೆಲೆಸಿದ್ದ ಜಪಾನೀಯರು, ಚೀನಿಯರು, ಯುರೋಪಿನವರ ಕಥೆ. ಭಾಷೆ ಸರಳವಾಗಿದೆ. ಚೀನಿಯರ ಕೇರಿಗೂ ಜಪಾನೀಯರ ಕೇರಿಗೂ ಗಡಿಯಾಗಿದ್ದ ಮೆಟ್ಟಿಲುಗಳ ವರ್ಣನೆ ಚೆನ್ನಾಗಿದೆ. ಆದರೆ ಎರಡು ಕಡೆ ಓದು ನಿಲ್ಲಿಸಿ ಪೆನ್ನು ಹಿಡಿದೆ.

ಮೊದಲನೆಯದು ಹಡಗು. "1890ರ ಒಂದು ಬೆಳಗ್ಗೆ ಒಸಾಕಾದ ಹಡಗು ಧಕ್ಕೆಗೆ ಬಂದು ನಿಂತಿತು, ಪ್ರಯಾಣಿಕರು ಹಲಗೆಯ ಮೇಲೆ ನಡೆದು ಇಳಿದರು" ಎಂದು ಬರೆದಿದ್ದೀರಿ. ಅದು ಆಗದ ಮಾತು. ಇಂಚಿಯೋನ್‌ನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು 9 ಮೀಟರ್ ವ್ಯತ್ಯಾಸ. ನೀರು ಇಳಿದರೆ ಕಣ್ಣು ಹಾಯುವಷ್ಟು ದೂರ ಕೆಸರು. ದೊಡ್ಡ ಹಡಗುಗಳು ವೊಲ್ಮಿದೋ ದ್ವೀಪದ ಹತ್ತಿರ ಲಂಗರು ಹಾಕುತ್ತಿದ್ದವು. ಜನ, ಬಟ್ಟೆಯ ಬೇಲು, ಸೀಮೆಎಣ್ಣೆ ಎಲ್ಲವೂ ಸಣ್ಣ ದೋಣಿಗಳಲ್ಲೇ ದಡ ಸೇರಬೇಕಿತ್ತು. ನೀರು ಹಿಡಿದಿಡುವ ಗೇಟಿನ ಹಡಗುಕಟ್ಟೆ ಮುಗಿದದ್ದು 1918ರಲ್ಲಿ.

ಇದು ಸಣ್ಣ ತಪ್ಪಲ್ಲ. ಮೂರು ಮಹಡಿಯ ದೇಬುಲ್ ಹೋಟೆಲಿನ ಸೊಬಗಿಗೆ ನೀವು ಅರ್ಧ ಪುಟ ಕೊಟ್ಟಿದ್ದೀರಿ. ಅಲ್ಲಿ ಹೋಟೆಲು ಯಾಕೆ ಬೇಕಾಯಿತು ಎಂದು ಒಂದು ಮಾತೂ ಇಲ್ಲ. ಸಿಯೋಲ್ ಆಗ ಒಂದಿಡೀ ಹಗಲಿನ ದಾರಿ. ಹೊತ್ತು ಮೀರಿ ದೋಣಿಯಿಂದ ಇಳಿದವರು ರಾತ್ರಿ ಅಲ್ಲೇ ತಂಗಬೇಕಿತ್ತು. 1899ರಲ್ಲಿ ರೈಲು ಬಂತು, ಹೋಟೆಲಿನ ವ್ಯಾಪಾರ ಇಳಿಯಿತು. ಕೆಸರನ್ನೂ ದಾರಿಯನ್ನೂ ತೆಗೆದರೆ ಅದು ಸುಮ್ನೆ ಒಂದು ಚೆಂದದ ಕಟ್ಟಡ, ಅಲ್ವಾ?

ಎರಡನೆಯದು ನನ್ನನ್ನು ಜಾಸ್ತಿ ಕಾಡಿತು. ನಿಮ್ಮ ವಾಕ್ಯಗಳಲ್ಲಿ ಎಲ್ಲವೂ ತಾನಾಗಿಯೇ ಆಗುತ್ತದೆ.

"1910ರ ನಂತರ ವ್ಯಾಪಾರ ವೃದ್ಧಿಯಾಯಿತು." ಯಾರ ವ್ಯಾಪಾರ? ಆ ವರ್ಷ ಜಪಾನು ಇಡೀ ದೇಶವನ್ನೇ ನುಂಗಿತ್ತು. 1914ರಲ್ಲಿ ವಿದೇಶಿಯರ ಪ್ರತ್ಯೇಕ ವಸತಿಗಳನ್ನೂ ರದ್ದು ಮಾಡಿತು.

"ಅಕ್ಕಿ ಜಪಾನಿಗೆ ರಫ್ತಾಗತೊಡಗಿತು." ಅಕ್ಕಿಗೆ ಕಾಲಿಲ್ಲ. 1918ರಲ್ಲಿ ಜಪಾನಿನಲ್ಲಿ ಅಕ್ಕಿ ಬೆಲೆ ಏರಿ ಜನ ದಂಗೆ ಎದ್ದರು. 1920ರಿಂದ ವಸಾಹತು ಸರ್ಕಾರ ಕೊರಿಯಾದಲ್ಲಿ ಭತ್ತ ಹೆಚ್ಚು ಬೆಳೆಸುವ ಯೋಜನೆ ತಂದಿತು. ಇಂಚಿಯೋನ್‌ನ ಅಕ್ಕಿ ಗಿರಣಿಗಳಲ್ಲಿ ಕೊರಿಯಾದ ಹೆಂಗಸರು ಕೂತು ಕಲ್ಲು ಆರಿಸುತ್ತಿದ್ದರು. ಭತ್ತ ಬೆಳೆದ ಎಷ್ಟೋ ಮನೆಗಳು ಮಂಚೂರಿಯಾದಿಂದ ತರಿಸಿದ ನವಣೆ ಉಂಡವು. ಇದೇ ಬಂದರಿನ ಕಥೆ. ನಿಮ್ಮಲ್ಲಿ ಅದು ಮೂರು ಪದ.

ಇನ್ನು ಈ ಸಾಲು: "1931ರಲ್ಲಿ ಚೀನಿಯರ ಕೇರಿಯಲ್ಲಿ ಅಹಿತಕರ ಘಟನೆಗಳು ಸಂಭವಿಸಿದವು." ಇದನ್ನು ಓದಿ ನಿಜಕ್ಕೂ ಸಿಟ್ಟು ಬಂತು. ಮಂಚೂರಿಯಾದ ವಾನ್‌ಪಾವೋಶಾನ್‌ನಲ್ಲಿ ಕೊರಿಯಾದ ರೈತರಿಗೂ ಚೀನೀ ರೈತರಿಗೂ ಕಾಲುವೆಯ ಜಗಳವಾಗಿತ್ತು. ಅಲ್ಲಿ ಕೊರಿಯನ್ನರು ಸತ್ತರು ಎಂಬ ಸುಳ್ಳು ಸುದ್ದಿ ಪತ್ರಿಕೆಯಲ್ಲಿ ಬಂತು. ಕೊರಿಯಾದ ಜನ ಗುಂಪುಗೂಡಿ ನೆರೆಮನೆಯ ಚೀನಿಯರ ಮೇಲೆ ಬಿದ್ದರು. ಶುರುವಾದದ್ದು ಇಂಚಿಯೋನ್‌ನಲ್ಲಿ, ಅತಿ ಘೋರವಾದದ್ದು ಪ್ಯೋಂಗ್ಯಾಂಗ್‌ನಲ್ಲಿ. ದೇಶದಲ್ಲಿ ನೂರಕ್ಕೂ ಹೆಚ್ಚು ಚೀನಿಯರು ಸತ್ತರು. ಸಾವಿರಾರು ಜನ ಕೊರಿಯಾ ಬಿಟ್ಟು ಹೋದರು.

ಈ ಸಾಲಿನಲ್ಲಿ ಮಾತ್ರ ಮಾಡಿದವರನ್ನು ನೀವು ಬೇಕೆಂದೇ ಮರೆಸಿದ್ದೀರಿ ಅನ್ನಿಸುತ್ತದೆ. ಲೇಖನದುದ್ದಕ್ಕೂ ನಿಮ್ಮ ಮರುಕ ಕೊರಿಯನ್ನರ ಕಡೆಗಿದೆ. ಅವರೇ ಕಲ್ಲು ಹಿಡಿದಾಗ ನಿಮ್ಮ ಕೈ ತಡೆಯಿತು.

ನನಗೆ ಇದು ಗೊತ್ತಿರುವುದಕ್ಕೆ ಕಾರಣವಿದೆ. ಮಂಗಳೂರಿನ ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದ ಮೊದಲ ವರ್ಷ, ನಮ್ಮದೇ ಕೇರಿಯ ಗಲಾಟೆಯ ಸುದ್ದಿ ಬರೆದಿದ್ದೆ. "ಅಂಗಡಿಯ ಮೇಲೆ ಕಲ್ಲು ತೂರಾಟ ನಡೆಯಿತು" ಅಂತ. ಡೆಸ್ಕಿನ ಹಿರಿಯರು ಹಾಳೆಯನ್ನು ನನ್ನ ಮುಂದಿಟ್ಟು, "ಯಾರು ತೂರಿದ್ದು ಮಾರಾಯಾ?" ಎಂದು ಕೇಳಿದರು. ನಾನು ಸುಮ್ಮನೆ ನಿಂತೆ. ತೂರಿದವರು ನನ್ನ ಜೊತೆ ಶಾಲೆಗೆ ಹೋದ ಹುಡುಗರು. ಹಿರಿಯರು ಬೈಯಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, "ನೀನು ನೋಡಿದ್ದಷ್ಟೇ ಬರಿ, ನಾನು ಕಾಯ್ತೇನೆ" ಎಂದರು. ಆ ಎಂಟು ಸಾಲು ಬರೆಯಲು ನನಗೆ ರಾತ್ರಿ ಹತ್ತು ಗಂಟೆಯಾಯಿತು. ಮರುದಿನ ಕೇರಿಯಲ್ಲಿ ಇಬ್ಬರು ನನ್ನ ಜೊತೆ ಮಾತು ಬಿಟ್ಟರು.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಪ್ರಕಟಿಸುವ ಆಸೆ ನನಗಿದೆ. 1931ರ ಪ್ಯಾರಾ ಒಂದನ್ನೇ ಮೊದಲು ಹೊಸದಾಗಿ ಬರೆದು ಕಳಿಸಿ. ಎಷ್ಟು ದಿನ ಬೇಕಾದರೂ ತಗೊಳ್ಳಿ, ನಾನು ಕಾಯುತ್ತೇನೆ.