ಮರುಳನ ಕಥೆಗೆ ಮೊದಲ ಸ್ಥಾನವೇಕೆ?

ಪ್ರಶ್ನೆ: ಜಗತ್ತಿನ ಸರ್ವಶ್ರೇಷ್ಠ ಕಾದಂಬರಿ ‘ಡಾನ್ ಕ್ವಿಕ್ಸೋಟ್’ ಎಂದು ಹಲವು ಲೇಖಕರು ಆರಿಸಿದ್ದಾರಂತೆ. ಗಾಳಿಯಂತ್ರಗಳ ಮೇಲೆ ಯುದ್ಧಕ್ಕೆ ಹೋಗುವ ಮರುಳನ ಕಥೆಗೆ ಇಷ್ಟು ಮನ್ನಣೆ ಏಕೆ?

ಉತ್ತರ: 2002ರಲ್ಲಿ ನಾರ್ವೆಯ ಪುಸ್ತಕ ಸಂಸ್ಥೆಯೊಂದು 54 ದೇಶಗಳ ಸುಮಾರು 100 ಲೇಖಕರನ್ನು ಕೇಳಿದಾಗ ಬಂದ ತೀರ್ಪು ಅದು. ಇಂಥ ಮತ ಎಣಿಕೆಯಲ್ಲಿ ನನಗೆ ಅಷ್ಟಾಗಿ ನಂಬಿಕೆಯಿಲ್ಲವಾದರೂ ಈ ಆಯ್ಕೆಯನ್ನು ಒಪ್ಪುತ್ತೇನೆ. ಗಾಳಿಯಂತ್ರದ ಪ್ರಸಂಗ ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತದೆ. ಇದನ್ನು ಬರೆದ ಸ್ಪೇನಿನ ಲೇಖಕ ಸರ್ವಾಂಟಿಸ್‌ನ ನಿಜವಾದ ಪ್ರತಿಭೆ ಕಾಣುವುದು 1615ರ ಎರಡನೆಯ ಭಾಗದಲ್ಲಿ. ಅಲ್ಲಿ ನಾಯಕನಿಗೆ ಎದುರಾಗುವ ಹಲವರು 1605ರ ಮೊದಲ ಭಾಗವನ್ನು ಆಗಲೇ ಓದಿದ್ದಾರೆ, ಅವನ ಹುಚ್ಚನ್ನು ಬಲ್ಲ ಡ್ಯೂಕ್ ದಂಪತಿ ಅವನನ್ನು ಆಡಿಸಿ ನಗುತ್ತಾರೆ, ಓದುತ್ತಾ ಹೋದಂತೆ ನಮಗೆ ಅವನಿಗಿಂತ ಆ ಜಾಣರ ಮೇಲೆಯೇ ಬೇಸರ ಹುಟ್ಟುತ್ತದೆ. ಕೊನೆಗೆ ಮರಣಶಯ್ಯೆಯಲ್ಲಿ ನಾಯಕನಿಗೆ ಬುದ್ಧಿ ಮರಳಿದಾಗ, ಅದುವರೆಗೆ ವಿವೇಕ ಹೇಳುತ್ತಿದ್ದ ಅವನ ಸೇವಕ ಸಾಂಚೋ ಅಳುತ್ತಾ, ಸಾಯಬೇಡಿ, ಕುರುಬರಾಗಿ ಬಯಲಿಗೆ ಹೋಗೋಣ ಎಂದು ಬೇಡಿಕೊಳ್ಳುತ್ತಾನೆ. ಪಾತ್ರಗಳು ಒಬ್ಬರನ್ನೊಬ್ಬರು ಹೀಗೆ ಬದಲಿಸುವುದನ್ನು ಉಪದೇಶವಿಲ್ಲದೆ ತೋರಿಸಬಲ್ಲ ಕೃತಿಯನ್ನೇ ನಾನು ಶ್ರೇಷ್ಠವೆನ್ನುವುದು. ಮೊದಲ ಭಾಗದ ನಡುವಿನ ಉಪಕಥೆಗಳು (ಅವು ನೀರಸವೆಂಬುದು ಹಳೆಯ ದೂರು) ಹಿಡಿಸದಿದ್ದರೆ ದಾಟಿ ಮುಂದುವರಿಯಬಹುದು.