ಅಮೆರಿಕದ ಫೆಡರಲ್ (ರಾಷ್ಟ್ರಮಟ್ಟದ) ಚುನಾವಣೆಗಳಲ್ಲಿ ಕಂಪನಿಗಳು ಅಭ್ಯರ್ಥಿಗಳಿಗೆ ದೇಣಿಗೆ ಕೊಡುವಂತಿಲ್ಲ; ಆದರೂ ಅವುಗಳ ಹಣ ಚುನಾವಣೆಯೊಳಗೆ ಬರುವುದು ಹೇಗೆ?

ಅಭ್ಯರ್ಥಿಯ ಕೈಗೆ ಕೊಡದೆ, ಅವರ ಪರವಾಗಿ ಪ್ರತ್ಯೇಕವಾಗಿ ಪ್ರಚಾರ ನಡೆಸುವ ಗುಂಪುಗಳಿಗೆ ಕೊಡುವ ಮೂಲಕ ಬರುತ್ತದೆ. ಫೆಡರಲ್ ಚುನಾವಣೆಗಳಲ್ಲಿ ಕಂಪನಿಗಳ ನೇರ ದೇಣಿಗೆಯನ್ನು 1907ರ ಟಿಲ್ಮನ್ ಕಾಯ್ದೆ ನಿಷೇಧಿಸಿತು. ಆ ನಿಷೇಧ ಇಂದಿಗೂ ಉಳಿದಿದೆ. ಆದರೆ 2010ರ ಜನವರಿಯಲ್ಲಿ ಸಿಟಿಜನ್ಸ್ ಯುನೈಟೆಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅಭ್ಯರ್ಥಿಯೊಂದಿಗೆ ಸಮಾಲೋಚಿಸದೆ ಮಾಡುವ ಪ್ರಚಾರವೆಚ್ಚವು ವಾಕ್ ಸ್ವಾತಂತ್ರ್ಯದ ವ್ಯಾಪ್ತಿಗೆ ಬರುತ್ತದೆಂದೂ, ಅದು ಭ್ರಷ್ಟಾಚಾರಕ್ಕೆ ಎಡೆಮಾಡುವುದಿಲ್ಲವಾದ್ದರಿಂದ ಕಂಪನಿಗಳಿಗೂ ಅದನ್ನು ನಿಷೇಧಿಸುವಂತಿಲ್ಲವೆಂದೂ 5–4 ಬಹುಮತದಿಂದ ತೀರ್ಪಿತ್ತಿತು. ಅದೇ ವರ್ಷ ಮೇಲ್ಮನವಿ ನ್ಯಾಯಾಲಯವೊಂದು ಈ ತರ್ಕವನ್ನು ಮುಂದುವರಿಸಿದ್ದರಿಂದ, ಮಿತಿಯಿಲ್ಲದೆ ಹಣ ಸಂಗ್ರಹಿಸಿ ಖರ್ಚು ಮಾಡಬಲ್ಲ ‘ಸೂಪರ್ ಪ್ಯಾಕ್’ ಎಂಬ ಸಮಿತಿಗಳು ಹುಟ್ಟಿಕೊಂಡವು.

ಸೂಪರ್ ಪ್ಯಾಕ್‌ಗಳು ದೇಣಿಗೆದಾರರ ಹೆಸರನ್ನು ಬಹಿರಂಗಪಡಿಸಲೇಬೇಕು. ಆದರೆ ಸಮಾಜ ಕಲ್ಯಾಣ ಸಂಸ್ಥೆಗಳೆಂದು ನೋಂದಾಯಿಸಿಕೊಂಡು ರಾಜಕೀಯ ಪ್ರಚಾರದಲ್ಲೂ ತೊಡಗುವ ಗುಂಪುಗಳಿಗೆ ಸಾಮಾನ್ಯವಾಗಿ ಆ ಕಟ್ಟುಪಾಡಿಲ್ಲ. ಕಂಪನಿಯು ಅಂಥ ಸಂಸ್ಥೆಗೂ, ಆ ಸಂಸ್ಥೆಯು ಸೂಪರ್ ಪ್ಯಾಕ್‌ಗೂ ಹಣ ಕೊಟ್ಟರೆ ದಾಖಲೆಯಲ್ಲಿ ಕಾಣುವುದು ನಡುವಿನ ಸಂಸ್ಥೆಯ ಹೆಸರಷ್ಟೇ.

ಸಮಾಲೋಚನೆ ಕೂಡದೆಂಬ ನಿಯಮವಂತೂ, ನನ್ನ ದೃಷ್ಟಿಯಲ್ಲಿ, ಹೆಚ್ಚುಕಡಿಮೆ ಕಾಗದದ ಮೇಲಷ್ಟೇ ಉಳಿದಿದೆ. ಯಾವ ಮತದಾರರಿಗೆ ಯಾವ ವಿಷಯ ತಲುಪಬೇಕು ಎಂಬುದನ್ನು ಅನೇಕ ಅಭ್ಯರ್ಥಿಗಳು ತಮ್ಮ ಜಾಲತಾಣದಲ್ಲೇ, ಬಹುತೇಕ ಕೆಂಪು ಚೌಕಟ್ಟಿನೊಳಗೆ, ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಬೆಂಬಲಿಸುವ ಗುಂಪು ಅದನ್ನೋದಿ ಜಾಹೀರಾತು ಸಿದ್ಧಪಡಿಸುತ್ತದೆ.

ಹಾಗೆಂದು ಹಣವೇ ಗೆಲುವನ್ನು ನಿರ್ಧರಿಸುತ್ತದೆ ಎನ್ನಲಾಗದು: ಜೆಬ್ ಬುಷ್ ಪರವಾದ ಸೂಪರ್ ಪ್ಯಾಕ್ 10 ಕೋಟಿ ಡಾಲರಿಗೂ ಹೆಚ್ಚು ಸಂಗ್ರಹಿಸಿದ್ದರೂ, ಅವರು 2016ರ ಫೆಬ್ರವರಿಯಲ್ಲೇ ಅಧ್ಯಕ್ಷೀಯ ಸ್ಪರ್ಧೆಯಿಂದ ಹಿಂದೆ ಸರಿದರು.