ಕಾಣದ ಗ್ರಹವನ್ನು ತೂಗಿದ ಬಗೆ

ಮಾನ್ಯರೆ,

ಸೂರ್ಯನನ್ನು ಹೋಲುವ ನಕ್ಷತ್ರಗಳ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ಜಯನಗರದಿಂದ ನೀವು ಬರೆದ ಪತ್ರ ತಲುಪಿದೆ. ‘51 ಪೆಗಾಸಿ ನಕ್ಷತ್ರದ ಗ್ರಹವನ್ನು ವಿಜ್ಞಾನಿಗಳು 1995ರಲ್ಲಿ ಕಂಡರು ಎಂದು ಬರೆದವರು, ಮುಂದಿನ ಪುಟದಲ್ಲೇ ಅದು ದೂರದರ್ಶಕಕ್ಕೂ ಕಾಣಿಸಲಿಲ್ಲ ಎನ್ನುತ್ತೀರಿ, ನೋಡದ ವಸ್ತುವನ್ನು ತೂಗಿದ್ದಾದರೂ ಹೇಗೆ?’ ಎಂಬುದು ನಿಮ್ಮ ಪ್ರಶ್ನೆ. ‘ಕಂಡರು’ ಎಂಬ ಮಾತು ಅಲ್ಲಿ ಸಲ್ಲದು. ಕರಡು ತಿದ್ದಿದವನು ನಾನೇ ಆದ್ದರಿಂದ ಆ ತಪ್ಪು ನನ್ನ ಪಾಲಿನದು.

ಮಿಶೆಲ್ ಮೇಯರ್ ಮತ್ತು ಡಿಡಿಯೇ ಕೆಲೋ ಫ್ರಾನ್ಸಿನ ವೀಕ್ಷಣಾಲಯವೊಂದರಲ್ಲಿ ಅಳೆದದ್ದು ನಕ್ಷತ್ರದ ಓಲಾಟವನ್ನು. ಮೊಮ್ಮಗುವಿನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸುವ ಅಜ್ಜ ತಾನೂ ತುಸು ಹಿಂದಕ್ಕೆ ವಾಲಿ ಹೆಜ್ಜೆ ಬದಲಿಸುತ್ತಿರಬೇಕಾಗುತ್ತದಲ್ಲ, ಹಾಗೆ ಗ್ರಹ ಸುತ್ತುವಾಗ ನಕ್ಷತ್ರವೂ ಒಂದು ಪುಟ್ಟ ಸುತ್ತು ಹಾಕುತ್ತದೆ. ಅದು ನಮ್ಮತ್ತ ಸರಿದಾಗ ಅದರ ಬೆಳಕಿನ ವರ್ಣಪಟಲದಲ್ಲಿರುವ ಕಪ್ಪು ಗೆರೆಗಳು ನೀಲಿಯ ಕಡೆಗೂ, ದೂರ ಸರಿದಾಗ ಕೆಂಪಿನ ಕಡೆಗೂ ಜರುಗುತ್ತವೆ. 51 ಪೆಗಾಸಿಯ ವೇಗ ಸೆಕೆಂಡಿಗೆ ಸುಮಾರು 56 ಮೀಟರ್‌ನಷ್ಟು ಹೆಚ್ಚುಕಡಿಮೆಯಾಗುತ್ತಿತ್ತು. ಗೆರೆ ಜರುಗಿದ್ದು ತನ್ನ ತರಂಗಾಂತರದ 50 ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಈ ಏರಿಳಿತ 4.23 ದಿನಕ್ಕೊಮ್ಮೆ ಮರುಕಳಿಸುತ್ತಿದ್ದುದರಿಂದ ಗ್ರಹದ ‘ವರ್ಷ’ ಅಷ್ಟೇ ಎಂದು ತಿಳಿಯಿತು. ವರ್ಷ ತಿಳಿದರೆ, ಕೆಪ್ಲರನ ನಿಯಮದಂತೆ, ದೂರವೂ ತಿಳಿದಂತೆಯೇ: ಸುಮಾರು 78 ಲಕ್ಷ ಕಿಲೋಮೀಟರ್, ಅಂದರೆ ಸೂರ್ಯನಿಂದ ಬುಧ ಇರುವ ದೂರದ ಏಳನೆಯ ಒಂದು ಭಾಗ.

ಗ್ರಹ ಭಾರವಾದಷ್ಟೂ ನಕ್ಷತ್ರದ ಓಲಾಟ ಜೋರು; ಆ ಓಲಾಟದ ವೇಗದಿಂದಲೇ ಗ್ರಹವನ್ನು ತೂಗಿದ್ದು. ಆದರೂ ತೂಕದ ವಿಷಯದಲ್ಲಿ ನಿಮ್ಮ ಅನುಮಾನ ಅರ್ಧ ಸರಿ. ಕಕ್ಷೆಯ ಓರೆ ಎಷ್ಟೆಂದು ಈ ಗೆರೆಗಳು ಹೇಳುವುದಿಲ್ಲವಾದ ಕಾರಣ, ಗುರುಗ್ರಹದ ಅರ್ಧದಷ್ಟು ಎಂದು ನಾವು ಕೊಟ್ಟ ಅಂಕಿ ಕನಿಷ್ಠ ತೂಕ ಮಾತ್ರ. ಆ ಒಂದು ಪದವನ್ನು ಬಿಟ್ಟದ್ದು ‘ಕಂಡರು’ ಎಂದದ್ದಕ್ಕಿಂತ ದೊಡ್ಡ ಲೋಪ.

‘ಇದು ಪಂಚಾಂಗದ ಲೆಕ್ಕಕ್ಕಿಂತ ಹೇಗೆ ಬೇರೆ?’ ಎಂದೂ ಕೆಣಕಿದ್ದೀರಿ. ಗ್ರಹಣದ ಲೆಕ್ಕವನ್ನು ನೀವು ತಾರಸಿಯಲ್ಲಿ ನಿಂತು ಪರೀಕ್ಷಿಸಬಹುದಾದಂತೆ ಇದನ್ನೂ ಬೇರೆಯವರು ಪರೀಕ್ಷಿಸಬಹುದಿತ್ತು, ಪರೀಕ್ಷಿಸಿದರು ಕೂಡ. ದೈತ್ಯ ಗ್ರಹವೊಂದು ನಕ್ಷತ್ರಕ್ಕೆ ಇಷ್ಟು ಹತ್ತಿರ ಇರಲಾರದೆಂದೇ ಅಂದು ಬಹುತೇಕರು ಎಣಿಸಿದ್ದರು; ಆದರೂ 1995ರ ಅಕ್ಟೋಬರಿನಲ್ಲೇ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಮಾರ್ಸಿ ಮತ್ತು ಬಟ್ಲರ್ ತಮ್ಮದೇ ಉಪಕರಣದಿಂದ ಅಳೆದಾಗ ಅದೇ ನಾಲ್ಕು ದಿನಗಳ ಆವರ್ತನ ದೊರಕಿತು. ಮೇಯರ್ ಮತ್ತು ಕೆಲೋ ಅವರಿಗೆ ನೊಬೆಲ್ ಬಂದದ್ದು 2019ರಲ್ಲಿ. ನಮ್ಮ ಭೂಮಿ ಸೂರ್ಯನನ್ನು ಓಲಾಡಿಸುವ ವೇಗವಾದರೋ ಸೆಕೆಂಡಿಗೆ 9 ಸೆಂಟಿಮೀಟರ್, ಅರ್ಧ ಗೇಣೂ ಇಲ್ಲ. ಭೂಮಿಯಂಥದ್ದನ್ನು ಈ ವಿಧಾನದಿಂದ ಹಿಡಿಯುವುದು ಇಂದಿಗೂ ಕಷ್ಟವಾಗಿರುವುದು ಅದಕ್ಕೇ.

ಕೊನೆಗೆ, ಆ ನಕ್ಷತ್ರವನ್ನು ನಿಮ್ಮ ತಾರಸಿಯಿಂದ ನೋಡಬಹುದೇ ಎಂಬ ಪ್ರಶ್ನೆ. ಅಕ್ಟೋಬರ್ ಕೊನೆಯ ರಾತ್ರಿಗಳಲ್ಲಿ ಒಂಬತ್ತು ಗಂಟೆಯ ಹೊತ್ತಿಗೆ ಪೂರ್ವಾಭಾದ್ರೆಯ ಜೋಡಿ ನಕ್ಷತ್ರಗಳು ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತವೆ. ಅವೆರಡರ ನಡುವೆ, ತುಸು ಪಶ್ಚಿಮಕ್ಕೆ, 51 ಪೆಗಾಸಿ ಇದೆ. ಜಯನಗರದ ಬೀದಿದೀಪಗಳ ನಡುವೆ ಬರಿಗಣ್ಣಿಗೆ ಅದು ಸಿಗದು. ಬೈನಾಕ್ಯುಲರ್ ಇದ್ದರೆ ಸಿಕ್ಕೀತು. ಸುಮಾರು 50 ವರ್ಷಗಳ ಹಿಂದೆ ಹೊರಟ ಬೆಳಕು ಅದು.

— ಸಂಪಾದಕ